ಕೈ ಹಿಡಿಯದ ರಕ್ತಕಣಗಳು

ಮಾನವ ಶರೀರವು ಕೋಟ್ಯನುಕೋಟಿ ಜೀವಕೋಶಗಳಿಂದ ಕೂಡಿದೆಯೆಂಬುದು ಶಾಲೆಯ ಮೆಟ್ಟಿಲು ಹತ್ತಿದ ಎಲ್ಲರಿಗೂ ತಿಳಿದ ವಿಷಯವೇ. ಆದರೆ ಈ ಕೋಶಗಳು ಬಿಡಿಬಿಡಿಯಾಗಿ ಚೆದುರಿಹೋಗದೆ ಚರ್ಮದ ಕೋಶ ಚರ್ಮದಲ್ಲಿ, ಯಕೃತ್ತಿನ ಕೋಶ ಯಕೃತ್ತಿನಲ್ಲಿ ನೆಲೆ ನಿಂತಿರುವುದು ಹೇಗೆಂದು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಇಟ್ಟಿಗೆಗಳಿದ್ದ ಮಾತ್ರಕ್ಕೆ ಗೋಡೆಯಾಗದು, ಗಾರೆಯೂ ಬೇಕು. ಆ ಗಾರೆ ಇಟ್ಟಿಗೆಯನ್ನು ಕಚ್ಚಿಕೊಳ್ಳಲೂ ಬೇಕು. ಶರೀರದಲ್ಲಿ ಗಾರೆಯ ಕೆಲಸವನ್ನು ಮಾಡುವ ವಸ್ತುಗಳು ಅಂಟುಗುಣವುಳ್ಳ ಪ್ರೋಟೀನುಗಳು. ಅವನ್ನು ಕಚ್ಚಿ ಹಿಡಿಯುವ ಸಾಧನಗಳು ಕೋಶದ ಹೊರಮೈಯಲ್ಲಿರುವ ಗ್ರಾಹಕಗಳು. ಈ ಹಿಡಿತದ ವಿಚಾರವು ಪ್ರಯೋಗಶಾಲೆಯ ಪಂಡಿತರಿಗೆ ಮಾತ್ರ ಸಂಬಂಧಿಸಿದ್ದೆಂದು ತೋರಬಹುದು. ವಾಸ್ತವವಾಗಿ ಇದು ನಮ್ಮ ಮಕ್ಕಳ ಮೂಗಿನಿಂದ ಸುರಿಯುವ ರಕ್ತಕ್ಕೂ, ನಮ್ಮ ಮನೆಗಳಲ್ಲಿ ನಡೆಯುವ ಮದುವೆಯ ಮಾತುಕತೆಗೂ ನಿಕಟವಾಗಿ ಸಂಬಂಧಿಸಿದೆ. ಅದನ್ನು ವಾಚಕರಿಗೆ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶ.

ಕೋಶದ ಹಿಡಿಕೈ

ಬಿಬವೇವಾಡಿಯಲ್ಲಿ ವಾಸಿಸುವ ನಮಗೆ ಊರಿನ ಇನ್ನೊಂದು ಬದಿಯ ಗಣೇಶಖಿಂಡದ ವಿಶ್ವವಿದ್ಯಾನಿಲಯದ ಆವರಣ ಪರಿಚಿತವಾದುದೇ. ಅಲ್ಲಿ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರವಿದೆ. ಪ್ರಾಣಿಗಳ ಅಂಗಾಂಶ ಹಾಗೂ ಕೋಶಗಳನ್ನು ಬೆಳೆಸಿ ಸಂಶೋಧಕರಿಗೆ ಒದಗಿಸುವ ರಾಷ್ಟ್ರೀಯ ಸೌಲಭ್ಯವಾಗಿ 1986ರಲ್ಲಿ ಪುಣೆಯಲ್ಲಿ ಆರಂಭವಾದ ಸಂಸ್ಥೆಯೇ ಮುಂದೆ ಈ ಕೇಂದ್ರವಾಗಿ ಬೆಳೆಯಿತು. ಇಂತಹ ಪ್ರಯೋಗಶಾಲೆಗಳಲ್ಲಿ ಪ್ರತಿದಿನವೂ ಕಾಣುವ ದೃಶ್ಯವೊಂದುಂಟು. ಪೋಷಕ ದ್ರವದಲ್ಲಿ ಕೋಶಗಳನ್ನು ತೇಲಿಬಿಟ್ಟಾಗ ಅವು ಮೊದಲು ದುಂಡಗಿನ ಮಣಿಗಳಂತೆ ತೋರುತ್ತವೆ. ಕೆಲವು ಗಂಟೆಗಳಲ್ಲಿ ತಟ್ಟೆಯ ತಳಕ್ಕೆ ಇಳಿದು, ಅಂಟಿಕೊಂಡು, ಕೈಕಾಲು ಚಾಚಿದಂತೆ ಹರಡಿಕೊಳ್ಳುತ್ತವೆ. ಹೀಗೆ ನೆಲೆ ದೊರೆತ ಮೇಲೆಯೇ ಅವು ವೃದ್ಧಿಯಾಗುವುದು. ನೆಲೆ ಸಿಗದ ಅನೇಕ ಬಗೆಯ ಕೋಶಗಳು ಕ್ರಮೇಣ ಸಾಯುತ್ತವೆ.

ಕೋಶವು ಅಂಟಿಕೊಳ್ಳುವುದು ತಟ್ಟೆಗೆ ನೇರವಾಗಿ ಅಲ್ಲ. ದ್ರವದಲ್ಲಿರುವ ಫೈಬ್ರೊನೆಕ್ಟಿನ್, ವಿಟ್ರೊನೆಕ್ಟಿನ್ ಎಂಬ ಪ್ರೋಟೀನುಗಳು ಮೊದಲು ತಟ್ಟೆಯ ಮೇಲೆ ತೆಳ್ಳಗೆ ಲೇಪವಾಗುತ್ತವೆ. ಆ ಲೇಪವನ್ನು ಕೋಶವು ತನ್ನ ಗ್ರಾಹಕಗಳಿಂದ ಹಿಡಿದುಕೊಳ್ಳುತ್ತದೆ. 1984ರಲ್ಲಿ ಪಿಯರ್ಷ್‌ಬಾಕರ್ ಮತ್ತು ರುಓಸ್ಲಾಟಿ ಎಂಬ ವಿಜ್ಞಾನಿಗಳು ಒಂದು ಆಶ್ಚರ್ಯಕರ ಸಂಗತಿಯನ್ನು ತೋರಿಸಿಕೊಟ್ಟರು. ಫೈಬ್ರೊನೆಕ್ಟಿನ್ ಬಹು ದೊಡ್ಡ ಅಣು. ಆದರೂ ಕೋಶವು ಅದರಲ್ಲಿ ಗುರುತಿಸುವ ಮುಖ್ಯ ಭಾಗವು ಅರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರು ಅಮೈನೋ ಆಮ್ಲಗಳ ಪುಟ್ಟ ಸಾಲು! ಉದ್ದನೆಯ ಬಸ್ಸಿನಲ್ಲಿ ನಿಂತ ಪ್ರಯಾಣಿಕನು ಮೇಲೆ ತೂಗುವ ಹಿಡಿಕೆಯೊಂದನ್ನೇ ನೆಚ್ಚಿ ನಿಲ್ಲುವಂತೆ, ಕೋಶವು ಆ ಮೂರಕ್ಷರದ ಹಿಡಿಕೆಯನ್ನು ನೆಚ್ಚಿಕೊಳ್ಳುತ್ತದೆ.

ಹಿಡಿಯುವ ಕೈಗಳಿಗೆ ‘ಇಂಟೆಗ್ರಿನ್’ ಎಂಬ ಹೆಸರು 1986ರ ಸುಮಾರಿಗೆ ಬಳಕೆಗೆ ಬಂದಿತು. ಕೋಶದ ಹೊರಗನ್ನೂ ಒಳಗನ್ನೂ ಒಂದುಗೂಡಿಸುವಂಥದು ಎಂಬ ಭಾವ ಆ ಹೆಸರಿನಲ್ಲಿದೆ. ಪ್ರತಿ ಇಂಟೆಗ್ರಿನ್ ಎರಡು ಸರಪಳಿಗಳ ಜೋಡಿ. ಒಂದನ್ನು ಆಲ್ಫಾ ಎಂದೂ ಮತ್ತೊಂದನ್ನು ಬೀಟಾ ಎಂದೂ ಕರೆಯುತ್ತಾರೆ. ಮಾನವನಲ್ಲಿ 18 ಬಗೆಯ ಆಲ್ಫಾ, 8 ಬಗೆಯ ಬೀಟಾ ಸರಪಳಿಗಳು ಬೇರೆಬೇರೆಯಾಗಿ ಕೂಡಿ 24 ಬಗೆಯ ಇಂಟೆಗ್ರಿನ್‌ಗಳಾಗುತ್ತವೆ. ಇವುಗಳ ತಲೆ ಕೋಶದ ಹೊರಗೆ ಪ್ರೋಟೀನನ್ನು ಹಿಡಿದರೆ, ಪೊರೆಯನ್ನು ಹಾಯ್ದು ಒಳಬಂದ ಬಾಲವು ಟಾಲಿನ್ ಮೊದಲಾದ ಪ್ರೋಟೀನುಗಳ ಮೂಲಕ ಕೋಶದ ಒಳಹಂದರಕ್ಕೆ ಕಟ್ಟಿಕೊಂಡಿರುತ್ತದೆ. ಹಿಡಿತಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳಂತಹ ಲೋಹಾಂಶಗಳೂ ಅವಶ್ಯ. ಈ ಅನ್ವೇಷಣೆಗಾಗಿ ರಿಚರ್ಡ್ ಹೈನ್ಸ್, ಎರ್ಕಿ ರುಓಸ್ಲಾಟಿ, ಟಿಮೋತಿ ಸ್ಪ್ರಿಂಗರ್ ಎಂಬ ಮೂವರಿಗೆ 2022ರಲ್ಲಿ ಅಮೆರಿಕದ ಪ್ರಸಿದ್ಧ ಲಾಸ್ಕರ್ ಪ್ರಶಸ್ತಿ ಸಂದಿತು.

ರಕ್ತ ನಿಲ್ಲುವ ಬಗೆ

ಈ ಹಿಡಿತದ ಮಹತ್ವವು ಅತ್ಯಂತ ಸ್ಪಷ್ಟವಾಗಿ ಗೋಚರಿಸುವುದು ರಕ್ತದಲ್ಲಿ. ಮಳೆಗಾಲದಲ್ಲಿ ಡೆಂಗೂ ಜ್ವರ ಹಬ್ಬಿದಾಗ ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂಬ ಮಾತು ಮನೆಮನೆಯಲ್ಲೂ ಕೇಳಿಬರುತ್ತದೆ. ಪ್ಲೇಟ್‌ಲೆಟ್ ಅಥವಾ ಕಿರುತಟ್ಟೆಯೆಂದರೆ ಅಸ್ಥಿಮಜ್ಜೆಯ ಮಹಾಕೋಶಗಳಿಂದ ಉದುರಿದ ಚೂರು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತವೆ. ಅವುಗಳ ಆಯುಷ್ಯ 7ರಿಂದ 10 ದಿನಗಳು.

ಬೆರಳಿಗೆ ಈಳಿಗೆ ತಗುಲಿತೆಂದು ಭಾವಿಸೋಣ. ರಕ್ತನಾಳದ ಒಳಗೋಡೆ ಹರಿದೊಡನೆ ಅದರ ಕೆಳಗಿನ ಕೊಲಾಜೆನ್ ತೆರೆದುಕೊಳ್ಳುತ್ತದೆ. ವಾನ್ ವಿಲ್ಲೆಬ್ರಾಂಡ್ ಅಂಶವೆಂಬ ಅಂಟುಪ್ರೋಟೀನು ಅದಕ್ಕೆ ಕಚ್ಚಿಕೊಳ್ಳುತ್ತದೆ. ವೇಗವಾಗಿ ಸಾಗುವ ಕಿರುತಟ್ಟೆಗಳು ಒಂದು ಬಗೆಯ ಗ್ರಾಹಕದಿಂದ ಇದನ್ನು ಹಿಡಿದು ವೇಗ ತಗ್ಗಿಸಿ ಗಾಯದ ಬಳಿ ನಿಲ್ಲುತ್ತವೆ. ಇದು ಮೊದಲ ಹಂತ. ನಿಂತ ಕಿರುತಟ್ಟೆಗಳು ಎಚ್ಚೆತ್ತೊಡನೆ ಅವುಗಳ ಮೈಮೇಲಿನ ಮತ್ತೊಂದು ಗ್ರಾಹಕವು ಮಡಿಚಿದ್ದ ಕೈಯನ್ನು ನೀಡಿದಂತೆ ಬಿಚ್ಚಿಕೊಳ್ಳುತ್ತದೆ. ಇದೇ ಎರಡು-ಬಿ ಆಲ್ಫಾ, ಮೂರು ಬೀಟಾ ಎಂಬ ಇಂಟೆಗ್ರಿನ್. ಒಂದೊಂದು ಕಿರುತಟ್ಟೆಯ ಮೇಲೆ ಇಂತಹ ಸುಮಾರು 80,000 ಕೈಗಳಿರುತ್ತವೆ. ರಕ್ತದಲ್ಲಿ ಹೇರಳವಾಗಿರುವ ಫೈಬ್ರಿನೋಜೆನ್ ಎಂಬ ಉದ್ದನೆಯ ಪ್ರೋಟೀನಿನ ಒಂದು ತುದಿಯನ್ನು ಒಂದು ಕಿರುತಟ್ಟೆಯೂ ಇನ್ನೊಂದು ತುದಿಯನ್ನು ಮತ್ತೊಂದು ಕಿರುತಟ್ಟೆಯೂ ಹಿಡಿಯುತ್ತವೆ. ಹೀಗೆ ಒಂದಕ್ಕೊಂದು ಸೇರಿ ಬಿರಿಯನ್ನು ಮುಚ್ಚುವ ಗಟ್ಟಿಯಾದ ಬೆಣೆ ಸಿದ್ಧವಾಗುತ್ತದೆ.

ಸಾಮಾನ್ಯ ಕಾಲದಲ್ಲಿ ಈ ಕೈಗಳು ಮಡಿಚಿಕೊಂಡೇ ಇರಬೇಕು. ಸದಾ ಚಾಚಿದ್ದರೆ ಹರಿಯುವ ರಕ್ತವೇ ಗಂಟುಕಟ್ಟೀತು. ಹೃದಯದ ನಾಳದಲ್ಲಿ ಅಕಾಲದಲ್ಲಿ ಹೀಗೆ ಗಂಟುಕಟ್ಟುವುದೇ ಹೃದಯಾಘಾತಕ್ಕೆ ಒಂದು ಮುಖ್ಯ ಕಾರಣ. ಅಂತಹ ಪ್ರಸಂಗಗಳಲ್ಲಿ ವೈದ್ಯರು ಕೊಡುವ ಟೈರೋಫಿಬಾನ್ ಎಂಬ ಔಷಧವು ಈ ಕೈಗಳನ್ನು ತಾತ್ಕಾಲಿಕವಾಗಿ ಕಟ್ಟಿಹಾಕುತ್ತದೆ. ಅದರ ರಚನೆಗೆ ಮಾದರಿಯಾದುದು ಮಹಾರಾಷ್ಟ್ರ ಕರ್ನಾಟಕಗಳ ಕಲ್ಲುಭೂಮಿಯಲ್ಲಿ ಕಾಣುವ ಗರಗಸ ಮಂಡಲದ ಹಾವಿನ ವಿಷ. ಮರಾಠಿಯಲ್ಲಿ ಇದನ್ನು ಫುರಸೆ ಎನ್ನುತ್ತಾರೆ. ಆ ವಿಷದಲ್ಲಿರುವ ಒಂದು ಪ್ರೋಟೀನು ಅದೇ ಮೂರಕ್ಷರದ ಹಿಡಿಕೆಯನ್ನು ತೋರಿಸಿ ಕಿರುತಟ್ಟೆಯ ಕೈಗಳನ್ನು ವಂಚಿಸುತ್ತದೆ. ಹಾವಿನ ಪಾಲಿನ ಆಯುಧವು ಮನುಷ್ಯನ ಕೈಯಲ್ಲಿ ಔಷಧವಾದುದಕ್ಕೆ ಇದು ಒಳ್ಳೆಯ ನಿದರ್ಶನ.

ಗ್ಲಾಂಜ್‌ಮನ್ ಕಂಡ ರೋಗ

ಹುಟ್ಟಿನಿಂದಲೇ ಈ ಕೈಗಳಿಲ್ಲದಿದ್ದರೆ ಏನಾದೀತು? 1918ರಲ್ಲಿ ಎಡ್ವರ್ಡ್ ಗ್ಲಾಂಜ್‌ಮನ್ ಎಂಬ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯನು ಇಂತಹ ರೋಗಿಗಳನ್ನು ವರ್ಣಿಸಿದನು. ಅವರ ಕಿರುತಟ್ಟೆಗಳ ಸಂಖ್ಯೆ ಸರಿಯಾಗಿಯೇ ಇತ್ತು. ಆದರೂ ಹೆಪ್ಪುಗಟ್ಟಿದ ರಕ್ತವು ಎಂದಿನಂತೆ ಕುಗ್ಗಿ ಬಿಗಿಯಾಗುತ್ತಿರಲಿಲ್ಲ. ಕಿರುತಟ್ಟೆಗಳು ದುರ್ಬಲವಾಗಿವೆಯೆಂಬ ಅರ್ಥದಲ್ಲಿ ರೋಗಕ್ಕೆ ‘ಥ್ರಾಂಬಾಸ್ತೀನಿಯಾ’ ಎಂಬ ಹೆಸರು ಬಂದಿತು. ದುರ್ಬಲತೆಯ ಕಾರಣ ತಿಳಿಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. 1974ರಲ್ಲಿ ನರ್ಡನ್ ಮತ್ತು ಕಾಯೆನ್ ಎಂಬವರು ಈ ರೋಗಿಗಳ ಕಿರುತಟ್ಟೆಯ ಪೊರೆಯಲ್ಲಿನ ಪ್ರೋಟೀನಿನ ದೋಷವನ್ನು ಗುರುತಿಸಿದರು. ಆ ಪ್ರೋಟೀನೇ ಮೇಲೆ ಹೇಳಿದ ಇಂಟೆಗ್ರಿನ್. ಅದರ ಎರಡು ಸರಪಳಿಗಳ ವಂಶವಾಹಿಗಳೂ 17ನೆಯ ವರ್ಣತಂತುವಿನಲ್ಲಿವೆ. ಎರಡರಲ್ಲಿ ಯಾವುದು ಕೆಟ್ಟರೂ ಜೋಡಿ ಮೈಮೇಲಕ್ಕೆ ಬಾರದು, ಇಲ್ಲವೇ ಬಂದರೂ ಕೆಲಸ ಮಾಡದು.

ರೋಗದ ಚಿಹ್ನೆಗಳು ಸಾಮಾನ್ಯವಾಗಿ ಎಳೆವಯಸ್ಸಿನಲ್ಲೇ ತೋರುತ್ತವೆ. ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆಗಳು, ಪದೇ ಪದೇ ಮೂಗಿನಿಂದ ಬಹಳ ಹೊತ್ತು ರಕ್ತ ಹೋಗುವುದು, ಒಸಡಿನಿಂದ ರಕ್ತ ಒಸರುವುದು, ಹಲ್ಲು ಬಿದ್ದಾಗ ರಕ್ತ ನಿಲ್ಲದಿರುವುದು ಇವು ಮುಖ್ಯವಾದವು. ಕಿವಿ ಚುಚ್ಚುವ ಶಾಸ್ತ್ರದಲ್ಲೋ ಮುಂಜಿಯಲ್ಲೋ ಮೊದಲ ಬಾರಿಗೆ ರೋಗ ಬಯಲಾಗುವುದುಂಟು. ಹೆಣ್ಣುಮಕ್ಕಳಿಗೆ ಮೊದಲ ಋತುಸ್ರಾವವೇ ಗಂಡಾಂತರಕಾರಿಯಾಗಬಹುದು. ಹೆಮೊಫಿಲಿಯಾ ಅಥವಾ ಕುಸುಮರೋಗವು ಬಹುಮಟ್ಟಿಗೆ ಗಂಡುಮಕ್ಕಳನ್ನು ಬಾಧಿಸಿ ಕೀಲುಗಳಲ್ಲಿ ರಕ್ತ ತುಂಬಿಸುತ್ತದೆ. ಈ ರೋಗವು ಗಂಡು ಹೆಣ್ಣೆಂಬ ಭೇದವಿಲ್ಲದೆ ಬರುತ್ತದೆ ಮತ್ತು ಮುಖ್ಯವಾಗಿ ಚರ್ಮ, ಮೂಗು, ಬಾಯಿಗಳಲ್ಲಿ ರಕ್ತಸ್ರಾವವನ್ನುಂಟುಮಾಡುತ್ತದೆ.

ಇಲ್ಲಿ ಒಂದು ಮೋಸವಿದೆ. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಕಿರುತಟ್ಟೆಗಳ ಎಣಿಕೆ ಸರಿಯಾಗಿರುತ್ತದೆ. ಹೆಪ್ಪುಗಟ್ಟುವ ವೇಳೆಯ ಎಂದಿನ ಪರೀಕ್ಷೆಗಳೂ ಸರಿಯಾಗಿರುತ್ತವೆ. ‘ರಿಪೋರ್ಟು ನಾರ್ಮಲ್’ ಎಂಬ ಸಮಾಧಾನದಿಂದ ಮನೆಯವರು ಹಿಂದಿರುಗುತ್ತಾರೆ. ಮಗುವಿನ ಮೈಮೇಲಿನ ಕಲೆಗಳನ್ನು ಕಂಡ ನೆರೆಹೊರೆಯವರು ತಾಯಿಯೇ ಹೊಡೆದಿರಬೇಕೆಂದು ಶಂಕಿಸುವುದೂ ಉಂಟು. ಎಣಿಕೆ ಬೇರೆ, ಕಾರ್ಯಶಕ್ತಿ ಬೇರೆ. ಸೈನಿಕರ ಹಾಜರಿ ಪೂರ್ತಿ ಇದ್ದು ಒಬ್ಬರೂ ಕೈ ಎತ್ತದಿದ್ದರೆ ಕೋಟೆ ಉಳಿಯದು. ಆದುದರಿಂದ ಕಿರುತಟ್ಟೆಗಳು ಗುಂಪುಗೂಡುವ ಶಕ್ತಿಯ ಪರೀಕ್ಷೆಯನ್ನೂ, ಮೈಮೇಲಿನ ಗ್ರಾಹಕಗಳನ್ನು ನೇರವಾಗಿ ಎಣಿಸುವ ಫ್ಲೋ ಸೈಟೋಮೆಟ್ರಿ ಎಂಬ ಪರೀಕ್ಷೆಯನ್ನೂ ಮಾಡಿಸಬೇಕಾಗುತ್ತದೆ. ನಮ್ಮ ಬಡಾವಣೆಯ ಕಾರ್ಮಿಕರ ರಾಜ್ಯ ವಿಮಾ ಆಸ್ಪತ್ರೆಗಾಗಲಿ ಕುಟುಂಬದ ವೈದ್ಯರ ಬಳಿಗಾಗಲಿ ಮೊದಲು ಹೋಗಿ, ಅಲ್ಲಿಂದ ರಕ್ತರೋಗ ತಜ್ಞರಿಗೆ ಚೀಟಿ ಪಡೆಯಬಹುದು. ಮುಂಬಯಿಯ ಪರೇಲಿನಲ್ಲಿ ಕೆ.ಇ.ಎಂ. ಆಸ್ಪತ್ರೆಯ ಆವರಣದಲ್ಲಿರುವ ರಾಷ್ಟ್ರೀಯ ಸಂಸ್ಥೆಯು ಇಂತಹ ರಕ್ತರೋಗಗಳ ಸಂಶೋಧನೆಗೇ ಮೀಸಲಾಗಿದೆ.

ನಮಗೇಕೆ ಈ ಚಿಂತೆ?

ಜಗತ್ತಿನಲ್ಲಿ ಒಟ್ಟಾರೆಯಾಗಿ ಹತ್ತು ಲಕ್ಷದಲ್ಲಿ ಒಬ್ಬರಿಗೆ ಬರುವಷ್ಟು ಅಪರೂಪದ ರೋಗವಿದು. ಆದರೆ ಕೆಲವು ಸಮುದಾಯಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಇರಾಕಿನ ಯೆಹೂದ್ಯರು, ಜೋರ್ಡಾನಿನ ಅರಬರು ಮತ್ತು ದಕ್ಷಿಣ ಭಾರತೀಯರಾದ ನಾವು ಆ ಪಟ್ಟಿಯಲ್ಲಿದ್ದೇವೆ. 1981ರಲ್ಲಿಯೇ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೈದ್ಯರು ದಕ್ಷಿಣ ಭಾರತದ 42 ರೋಗಿಗಳ ವಿವರವನ್ನು ಪ್ರಕಟಿಸಿದರು. ಕಾರಣವು ನಮ್ಮ ರಕ್ತದ ಕೀಳ್ತನವಲ್ಲ, ನಮ್ಮ ವಿವಾಹಪದ್ಧತಿ.

ಈ ರೋಗ ಬರಬೇಕಾದರೆ ಮಗುವಿಗೆ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ವಂಶವಾಹಿ ಬರಬೇಕು. ಒಂದೇ ಕೆಟ್ಟ ಪ್ರತಿಯಿದ್ದವರು ವಾಹಕರು. ಅವರಿಗೆ ರಕ್ತಸ್ರಾವವಾಗುವುದಿಲ್ಲ, ತಾವು ವಾಹಕರೆಂಬುದೂ ತಿಳಿಯುವುದಿಲ್ಲ. ಇಬ್ಬರು ವಾಹಕರು ಕೂಡಿದಾಗ ಪ್ರತಿ ಗರ್ಭದಲ್ಲಿಯೂ ರೋಗದ ಸಂಭವ 4ರಲ್ಲಿ 1. ಸೋದರಮಾವನು ವಾಹಕನಾಗಿದ್ದರೆ ಅವನ ಅಕ್ಕನೂ ಅದೇ ದೋಷವನ್ನು ಹೊತ್ತಿರುವ ಸಂಭವ 2ರಲ್ಲಿ 1. ಆಕೆಯ ಮಗಳಲ್ಲಿರುವ ಸಂಭವ 4ರಲ್ಲಿ 1. ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳಾದರೆ 8ರಲ್ಲಿ 1. ಸಂಬಂಧವೇ ಇಲ್ಲದ ಮನೆತನದಲ್ಲಿ ಅದೇ ದೋಷ ಸಿಗುವ ಸಂಭವ ಇದರ ಎಷ್ಟೋ ಪಾಲು ಕಡಿಮೆ.

1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಅವರೂ ಎ. ಎಚ್. ಬಿಟಲ್ಸ್ ಅವರೂ ಸಂಗಡಿಗರೊಡನೆ ಬೆಂಗಳೂರು ಮೈಸೂರುಗಳ ನವಜಾತ ಶಿಶುಗಳ ತಂದೆತಾಯಿಗಳ ಸಂಬಂಧವನ್ನು ಪರಿಶೀಲಿಸಿದರು. ಸುಮಾರು ಮೂರರಲ್ಲೊಂದು ವಿವಾಹವು ರಕ್ತಸಂಬಂಧದಲ್ಲಿ ನಡೆದದ್ದೆಂದೂ, ಅವುಗಳಲ್ಲಿ ಸೋದರಮಾವ ಮತ್ತು ಅಕ್ಕನ ಮಗಳ ವಿವಾಹಗಳೇ ಅಧಿಕವೆಂದೂ ತಿಳಿದುಬಂದಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ಕಾಲುಭಾಗದಷ್ಟು ಮಂದಿ ಬಂಧುಗಳನ್ನೇ ವರಿಸಿದವರೆಂದು ಕಂಡುಬಂದಿದೆ.

ಪರನಾಡಿನಲ್ಲಿರುವ ನಾವು ಇನ್ನೊಂದು ವಿಷಯವನ್ನು ಗಮನಿಸಬೇಕು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಡಾ. ಇರಾವತಿ ಕರ್ವೆಯವರು ಭಾರತದ ಬಂಧುತ್ವವ್ಯವಸ್ಥೆಯನ್ನು ಕುರಿತ ತಮ್ಮ 1953ರ ಗ್ರಂಥದಲ್ಲಿ ಉತ್ತರ ದಕ್ಷಿಣಗಳ ವಿವಾಹಪದ್ಧತಿಗಳ ಭೇದವನ್ನು ವಿವರಿಸಿದ್ದಾರೆ. ಮಹಾರಾಷ್ಟ್ರದ ಅನೇಕ ಸಮುದಾಯಗಳಲ್ಲಿ ಸೋದರಮಾವನ ಮಗಳನ್ನು ತರುವ ರೂಢಿಯುಂಟು. ಆದರೆ ಸೋದರಮಾವನೇ ಅಕ್ಕನ ಮಗಳನ್ನು ವರಿಸುವುದು ಇಲ್ಲಿಯ ಬಹುಜನರಿಗೆ ಒಗ್ಗದ ವಿಷಯ. ಭಾಷೆಯೇ ಇದಕ್ಕೆ ಸಾಕ್ಷಿ. ಕನ್ನಡದಲ್ಲಿ ತಾಯಿಯ ತಮ್ಮನೂ ಮಾವ, ಗಂಡನ ತಂದೆಯೂ ಮಾವ. ತಂದೆಯ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಅಕ್ಕನ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಮರಾಠಿಯಲ್ಲಿ ಮಾಮಾ ಬೇರೆ, ಸಾಸರಾ ಬೇರೆ. ಭಾಚಾ ಬೇರೆ, ಜಾವಯಿ ಬೇರೆ. ಇಲ್ಲಿಯ ವೈದ್ಯರಿಗೆ ‘ನಿಮ್ಮ ಯಜಮಾನರು ನಿಮ್ಮ ತಾಯಿಯ ತಮ್ಮನೇ?’ ಎಂದು ಕೇಳಬೇಕೆಂಬುದೇ ಹೊಳೆಯದಿರಬಹುದು. ನಾಚಿಕೆಯಿಂದ ನಾವೂ ಹೇಳದಿರಬಹುದು. ಹೀಗೆ ರೋಗಪತ್ತೆಯ ಮುಖ್ಯ ಸುಳಿವೇ ಮುಚ್ಚಿಹೋಗುತ್ತದೆ. ಆದುದರಿಂದ ಕೇಳದಿದ್ದರೂ ಸಂಬಂಧವನ್ನು ಬಿಡಿಸಿ ಹೇಳುವುದು ನಮ್ಮ ಕರ್ತವ್ಯ.

ಮದುವೆಯ ಮಾತು ಬಂದಾಗ

ರಕ್ತಸಂಬಂಧದಲ್ಲಿ ಹುಟ್ಟಿದ ಮಕ್ಕಳಲ್ಲಿ ಬಹುಪಾಲು ಮಂದಿ ಆರೋಗ್ಯವಂತರೇ. ನಮ್ಮ ಹಿರಿಯರು ಆಸ್ತಿ, ನಂಟು, ಹೆಣ್ಣುಮಗಳ ಸುರಕ್ಷತೆಗಳನ್ನು ಯೋಚಿಸಿ ಈ ಪದ್ಧತಿಯನ್ನು ಪಾಲಿಸಿದರು. ಅವರನ್ನು ಹಳಿದು ಪ್ರಯೋಜನವಿಲ್ಲ. ಆದರೆ ಮನೆಯಲ್ಲಿ ಒಂದು ಮಗುವಿಗೆ ಈ ರೋಗವಿದೆಯೆಂದು ತಿಳಿದ ಮೇಲೆ ಲೆಕ್ಕವೇ ಬದಲಾಗುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ತಮ್ಮನಿಗೆ ರೋಗವಿದೆ, ಅಕ್ಕ ಆರೋಗ್ಯವಾಗಿದ್ದಾಳೆ. ಊರಿನಿಂದ ಅಜ್ಜಿ ಬಂದು ಆಕೆಯನ್ನು ಸೋದರಮಾವನಿಗೆ ಕೊಡುವ ಪ್ರಸ್ತಾಪ ಮಾಡುತ್ತಾರೆ. ಆರೋಗ್ಯವಾಗಿದ್ದರೂ ಆ ಹುಡುಗಿ ವಾಹಕಳಾಗಿರುವ ಸಂಭವ 3ರಲ್ಲಿ 2. ತಾಯಿ ನಿಶ್ಚಯವಾಗಿ ವಾಹಕಳಾದುದರಿಂದ ಆಕೆಯ ತಮ್ಮನು ವಾಹಕನಾಗಿರುವ ಸಂಭವ 2ರಲ್ಲಿ 1. ಇಬ್ಬರೂ ವಾಹಕರಾದರೆ ಮಗುವಿಗೆ ರೋಗ ಬರುವುದು 4ರಲ್ಲಿ 1. ಮೂರನ್ನೂ ಗುಣಿಸಿದರೆ 12ರಲ್ಲಿ 1 ಆಗುತ್ತದೆ. ಹತ್ತು ಲಕ್ಷದಲ್ಲಿ ಒಂದು ಎಲ್ಲಿ, ಹನ್ನೆರಡರಲ್ಲಿ ಒಂದು ಎಲ್ಲಿ! ಈ ಲೆಕ್ಕವನ್ನು ಅಜ್ಜಿಗೂ ತಿಳಿಯುವಂತೆ ಹೇಳಬಹುದು, ಹೇಳಲೇಬೇಕು. ಕುಟುಂಬದ ವಂಶವಾಹಿ ದೋಷವನ್ನು ಪರೀಕ್ಷೆಯಿಂದ ಒಮ್ಮೆ ಗುರುತಿಸಿದರೆ ವಾಹಕರಾರೆಂಬುದನ್ನು ಖಚಿತವಾಗಿ ತಿಳಿಯಬಹುದು. ಗರ್ಭದ ಮೊದಲ ತಿಂಗಳುಗಳಲ್ಲೇ ಶಿಶುವಿನ ಸ್ಥಿತಿಯನ್ನು ಪರೀಕ್ಷಿಸುವುದೂ ಸಾಧ್ಯ. ದೋಷವು ತಂದೆ ತಾಯಿ ಇಬ್ಬರಿಂದಲೂ ಸಮನಾಗಿ ಬಂದಿರುವುದರಿಂದ ತಾಯಿಯೊಬ್ಬಳನ್ನೇ ದೂಷಿಸುವುದು ಅನ್ಯಾಯವಷ್ಟೇ ಅಲ್ಲ, ಅವೈಜ್ಞಾನಿಕವೂ ಹೌದು.

ಮನೆಯವರು ಅನುಸರಿಸಬೇಕಾದ ಕ್ರಮಗಳು

1. ಆಸ್ಪಿರಿನ್, ಐಬುಪ್ರೊಫೆನ್ ಮುಂತಾದ ನೋವಿನ ಗುಳಿಗೆಗಳನ್ನು ಕೊಡಲೇಬಾರದು. ಅವು ಕಿರುತಟ್ಟೆಗಳನ್ನು ಇನ್ನಷ್ಟು ನಿಷ್ಕ್ರಿಯಗೊಳಿಸುತ್ತವೆ. ನೆಗಡಿ, ಮೈಕೈ ನೋವಿಗೆ ಅಂಗಡಿಯಿಂದ ತಾವಾಗಿಯೇ ಔಷಧ ತರುವ ಅಭ್ಯಾಸವನ್ನು ಬಿಡಬೇಕು.

2. ಮೂಗಿನಿಂದ ರಕ್ತ ಬಂದಾಗ ಮಗುವನ್ನು ಮಲಗಿಸಬಾರದು. ಕೂಡಿಸಿ, ತುಸು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು 10–15 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

3. ಮೃದುವಾದ ಬ್ರಷ್ಷಿನಿಂದ ಹಲ್ಲುಗಳನ್ನು ಸದಾ ಶುಚಿಯಾಗಿಡಬೇಕು. ಒಸಡು ಆರೋಗ್ಯವಾಗಿದ್ದಷ್ಟೂ ರಕ್ತಸ್ರಾವ ಕಡಿಮೆ. ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ರೋಗದ ವಿಷಯವನ್ನು ತಿಳಿಸಬೇಕು.

4. ಕಿವಿ ಚುಚ್ಚುವುದು, ಶಸ್ತ್ರಚಿಕಿತ್ಸೆ, ಸ್ನಾಯುವಿಗೆ ಕೊಡುವ ಚುಚ್ಚುಮದ್ದು ಇವೆಲ್ಲವೂ ತಜ್ಞರ ಸಲಹೆಯಂತೆಯೇ ನಡೆಯಬೇಕು. ಆದರೆ ರೋಗನಿರೋಧಕ ಲಸಿಕೆಗಳನ್ನು ತಪ್ಪಿಸಬಾರದು.

5. ಪದೇ ಪದೇ ರಕ್ತ ಹೋಗುವುದರಿಂದ ಕಬ್ಬಿಣದ ಅಂಶ ಕುಗ್ಗಿ ರಕ್ತಹೀನತೆ ಬರುತ್ತದೆ. ಕಾಲಕಾಲಕ್ಕೆ ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳಬೇಕು.

6. ಹೆಣ್ಣುಮಗಳು ಋತುಮತಿಯಾಗುವ ಮೊದಲೇ ಸ್ತ್ರೀರೋಗ ತಜ್ಞರನ್ನು ಕಂಡು ಸಿದ್ಧತೆ ಮಾಡಿಕೊಳ್ಳಬೇಕು. ಹೆರಿಗೆಯನ್ನು ದೊಡ್ಡ ಆಸ್ಪತ್ರೆಯಲ್ಲಿಯೇ ಮಾಡಿಸಬೇಕು. ಮೊದಲ ಹೆರಿಗೆಗೆ ತವರೂರಿಗೆ ಕಳುಹಿಸುವ ಸಂಪ್ರದಾಯವನ್ನು ಇಲ್ಲಿ ಬದಿಗಿಡುವುದು ಒಳಿತು.

7. ರೋಗದ ಹೆಸರು ಮತ್ತು ರಕ್ತದ ಗುಂಪನ್ನು ಬರೆದ ಚೀಟಿಯನ್ನು ಸದಾ ಜೊತೆಯಲ್ಲಿರಿಸಿಕೊಳ್ಳಬೇಕು. ಶಾಲೆಯ ಅಧ್ಯಾಪಕರಿಗೂ ವಿಷಯ ತಿಳಿದಿರಬೇಕು.

ಸಣ್ಣ ರಕ್ತಸ್ರಾವಕ್ಕೆ ಒತ್ತುವಿಕೆ ಮತ್ತು ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದಂತಹ ಔಷಧಗಳು ಅನೇಕ ವೇಳೆ ಸಾಕಾಗುತ್ತವೆ. ತೀವ್ರವಾದಾಗ ದಾನಿಗಳ ಕಿರುತಟ್ಟೆಗಳನ್ನು ಕೊಡಬೇಕಾಗುತ್ತದೆ. ಆದರೆ ರೋಗಿಯ ಶರೀರಕ್ಕೆ ದಾನಿಯ ಕಿರುತಟ್ಟೆಯ ಮೇಲಿನ ಇಂಟೆಗ್ರಿನ್ ಹೊಸ ವಸ್ತು. ಅದರ ವಿರುದ್ಧ ಪ್ರತಿಕಾಯಗಳು ಹುಟ್ಟಿ, ಮುಂದೆ ನಿಜವಾಗಿ ಬೇಕಾದಾಗ ಕಿರುತಟ್ಟೆಗಳು ಫಲಿಸದೆ ಹೋಗಬಹುದು. ಆದಕಾರಣ ಅನಾವಶ್ಯಕವಾಗಿ ಅವನ್ನು ಕೊಡುವಂತೆ ವೈದ್ಯರನ್ನು ಒತ್ತಾಯಿಸಬಾರದು. ಅಂತಹ ಸಂಕಟದಲ್ಲಿ ಕೃತಕವಾಗಿ ತಯಾರಿಸಿದ ಏಳನೆಯ ಹೆಪ್ಪುಕಾರಕ ಅಂಶವು ನೆರವಾಗುತ್ತದೆ. ಆದರೆ ಅದರ ಬೆಲೆ ಬಹಳ ಹೆಚ್ಚು. ಅತಿ ಕಠಿಣವಾದ ಪ್ರಸಂಗಗಳಲ್ಲಿ ಅಸ್ಥಿಮಜ್ಜೆಯ ಕಸಿಯಿಂದ ರೋಗ ಪೂರ್ಣವಾಗಿ ಗುಣವಾದದ್ದೂ ಉಂಟು.

ಎಚ್ಚರಿಕೆಯಿಂದ ನಡೆದುಕೊಂಡರೆ ಈ ಮಕ್ಕಳು ಓದಿ, ದುಡಿದು, ಎಲ್ಲರಂತೆ ಬಾಳಬಲ್ಲರು. ವಯಸ್ಸಾದಂತೆ ಮೂಗಿನ ರಕ್ತಸ್ರಾವವೂ ಅನೇಕರಲ್ಲಿ ಕಡಿಮೆಯಾಗುತ್ತದೆ. ಮಗುವಿನ ಮೈಮೇಲೆ ಪದೇ ಪದೇ ನೀಲಿ ಕಲೆಗಳು ಮೂಡುತ್ತಿದ್ದು, ವರದಿಯಲ್ಲಿ ಎಲ್ಲವೂ ಸರಿಯಾಗಿದ್ದರೆ ಅಷ್ಟಕ್ಕೇ ಸುಮ್ಮನಾಗದಿರಿ. ‘ಎಣಿಕೆ ಸರಿ, ಕೆಲಸವೂ ಸರಿಯೇ?’ ಎಂದು ವೈದ್ಯರನ್ನು ಕೇಳಿರಿ. ಅವರು ಕೇಳದಿದ್ದರೂ ನಿಮ್ಮ ಮನೆಯ ನಂಟನ್ನು ಮುಚ್ಚಿಡದೆ ತಿಳಿಸಿರಿ.